ನೀಲಿ ಕಲೆ, ನಲವತ್ತು ನಿಮಿಷ

೨೦೨೪ ನವೆಂಬರ್ ೧೬, ಶನಿವಾರ. ಬೆಳಗ್ಗೆ ಮೋಡ ಕವಿದಿತ್ತು. ಮಳೆ ಬರುವ ಎಲ್ಲ ಲಕ್ಷಣಗಳನ್ನೂ ತೋರಿಸಿ ಹತ್ತು ಗಂಟೆಗೆ ಚದುರಿಹೋಯಿತು. ಉಳಿದದ್ದು ಸೆಕೆ.

ಆ ದಿನದ ಪುಟದಲ್ಲಿ ನಾನು ಹೀಗೆ ಬರೆದಿದ್ದೇನೆ: "ಇನ್ನು ಮುಂದೆ ನಮ್ಮ ಮನೆಯವರ ಫೋಟೋಗಳನ್ನು ಬೇರೆಯವರಿಂದ ತೆಗೆಸುವ ಅಗತ್ಯವಿಲ್ಲ. ಚಲನೆಯನ್ನು ಸೆರೆಹಿಡಿಯುವ ವಿದ್ಯೆ ನನಗೆ ಕೈಹತ್ತಿದೆ." ವಾಕ್ಯದ ಅಡಿಯಲ್ಲಿ ಸ್ಕೇಲ್ ಇಟ್ಟು ಕೆಂಪು ಶಾಯಿಯ ಗೆರೆ ಎಳೆದಿದ್ದೇನೆ. ಹದಿನೈದು ದಿನಗಳ ಬಳಿಕ ಅದನ್ನು ಹೊಡೆದುಹಾಕುವುದಕ್ಕೂ ಅದೇ ಸ್ಕೇಲ್ ಬಳಕೆಯಾಯಿತು.

ನನಗೆ ಈಗ ನಲವತ್ತೊಂಬತ್ತು ವರ್ಷ. ಖಾಸಗಿ ಕಾಲೇಜೊಂದರಲ್ಲಿ ಗ್ರಂಥಪಾಲಕ. ಇಪ್ಪತ್ತಾರು ವರ್ಷಗಳಿಂದ ದಿನಚರಿಯನ್ನು ತಪ್ಪಿಸಿಲ್ಲ. ಕಳೆದ ಆಗಸ್ಟಿನಲ್ಲಿ, ಬಿಜೈಯ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ ನಡೆಯುವ ವಾರಾಂತ್ಯದ ಫೋಟೋಗ್ರಫಿ ತರಗತಿಗೆ ವಿದ್ಯಾರ್ಥಿಯಾಗಿ ಸೇರಿದೆ. ನನ್ನನ್ನು ಬಿಟ್ಟು ಹತ್ತು ವಿದ್ಯಾರ್ಥಿಗಳಿದ್ದಾರೆ. ಅವರಲ್ಲಿ ಯಾವ ಇಬ್ಬರ ವಯಸ್ಸನ್ನು ಕೂಡಿಸಿದರೂ ನನ್ನ ವಯಸ್ಸನ್ನು ಮುಟ್ಟುವುದಿಲ್ಲ. ಕಲಿಸುವ ಕಬೀರ್ ಅವರಿಗೆ ಇಪ್ಪತ್ತೇಳು. ವಯಸ್ಸಿನ ಗೌರವದಿಂದ ಅವರು ನನ್ನನ್ನು 'ಸರ್' ಎನ್ನುತ್ತಾರೆ. ಗುರುವಿನ ಗೌರವದಿಂದ ನಾನೂ ಅವರನ್ನು 'ಸರ್' ಎನ್ನುತ್ತೇನೆ. ತರಗತಿಯಲ್ಲಿ ಯಾರಾದರೂ 'ಸರ್' ಎಂದರೆ ನಾವಿಬ್ಬರೂ ತಿರುಗಿ ನೋಡುತ್ತೇವೆ. ಹಾಗಾಗಿ ಮಕ್ಕಳು ನನ್ನನ್ನು 'ಅಂಕಲ್' ಎಂದು ಕರೆಯಲು ತೀರ್ಮಾನಿಸಿದರು.

ಆ ಶನಿವಾರದ ಪಾಠ ನಿಧಾನ ಶಟರ್. ಕಬೀರ್ ಸರ್ ಹೇಳಿದ್ದನ್ನು ಅಕ್ಷರಶಃ ಬರೆದುಕೊಂಡಿದ್ದೇನೆ: "ಶಟರ್ ಜಾಸ್ತಿ ಹೊತ್ತು ತೆರೆದಿಟ್ರೆ, ನಿಂತದ್ದು ಉಳಿತದೆ, ಓಡಿದ್ದು ಕರಗ್ತದೆ. ವಿಷಯ ಇಷ್ಟೇ ಇರುವುದು."

ಸಂಜೆ ಆರೂವರೆಗೆ ಅಭ್ಯಾಸಕ್ಕೆಂದು ಎಲ್ಲರೂ ಪಂಪ್‌ವೆಲ್‌ಗೆ ಹೋದೆವು. ಫ್ಲೈಓವರಿನ ಪಕ್ಕ ಟ್ರೈಪಾಡ್ ಊರಿ, ಹದಿನೈದು ಸೆಕೆಂಡು ಶಟರ್ ತೆರೆದಿಟ್ಟೆ. ಬಸ್ಸುಗಳ ಹಿಂಬದಿಯ ದೀಪಗಳು ಉದ್ದನೆಯ ಕೆಂಪು ಗೆರೆಗಳಾಗಿ, ಯಾರೋ ರಸ್ತೆಗೆ ಜರಿ ಹೊಲಿದಂತೆ ಕಂಡವು. ಸಹಪಾಠಿ ಅಪೇಕ್ಷಾ ಇಣುಕಿ ನೋಡಿದಳು.

"ಅಂಕಲ್, ಸೂಪರ್. ಬಸ್ಸೇ ಇಲ್ಲ. ಬರೀ ಲೈಟ್ ಉಂಟು."

ಬಸ್ಸೇ ಇಲ್ಲ ಎಂಬ ಭಾಗವನ್ನು ನಾನು ಹೊಗಳಿಕೆಯೆಂದೇ ದಾಖಲಿಸಿಕೊಂಡೆ.

ಇನ್ನು ನನ್ನ ಪತ್ನಿ ಕುಶಲಾಳ ವಿಷಯ. ಕುದ್ರೋಳಿಯಲ್ಲಿ ಎಂಟು ಮೇಜುಗಳ ಒಂದು ಹೋಟೆಲು ಅವಳದು. ಕಟ್ಟಿದವರು ಅವಳ ತಂದೆ. ಅವರು ತೀರಿಕೊಂಡ ಮೇಲೆ, ೧೯೯೯ರ ಡಿಸೆಂಬರ್ ಒಂದರಂದು, ಮದುವೆಗೂ ಮೊದಲೇ ಅದು ಅವಳ ಕೈಗೆ ಬಂತು. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ ಎರಡು ಮೊಳೆಗಳಿವೆ. ಒಂದರಲ್ಲಿ ಹಾರ ಹಾಕಿದ ತಂದೆಯ ಫೋಟೋ, ಇನ್ನೊಂದರಲ್ಲಿ ಒಂದು ಕೊಡೆ.

ಆ ವಾರ ನನ್ನ ಬಸ್ಸಿನ ಗೆರೆಗಳನ್ನು ಹನ್ನೆರಡನೆಯ ಬಾರಿಗೆ ನೋಡಿದ ಬಳಿಕ ಕುಶಲಾ ಹೇಳಿದಳು:

"ಚೆಂದ ಉಂಟು. ಹಾಗೆಯೇ ನನ್ನದೊಂದು ತೆಗೆಯಿರಿ. ಹೋಟೆಲಿನ ಒಳಗೆ. ಬರುವ ಒಂದನೇ ತಾರೀಕಿಗೆ ಇಪ್ಪತ್ತೈದು ವರ್ಷ ಆಗ್ತದೆ. ಅಪ್ಪನ ಪಕ್ಕದ ಮೊಳೆ ಖಾಲಿ ಉಂಟು."

"ಖಾಲಿ ಎಲ್ಲಿ? ಕೊಡೆ ಉಂಟಲ್ಲ."

"ಇಪ್ಪತ್ತೈದು ವರ್ಷ ದುಡಿದದ್ದು ಕೊಡೆಯಾ?"

ಅವಳು ಹೇಳಿದ್ದರಲ್ಲಿ ಸತ್ಯವಿತ್ತು. ಹೋಟೆಲಿನಲ್ಲಿ ತೆಗೆದ ಫೋಟೋಗಳು ಮನೆಯಲ್ಲಿ ಐವತ್ತಕ್ಕೂ ಹೆಚ್ಚಿವೆ. ಒಂದರಲ್ಲೂ ಅವಳಿಲ್ಲ. ಯಾರಾದರೂ ಕ್ಯಾಮರಾ ಎತ್ತುವ ಹೊತ್ತಿಗೆ ಅವಳು ಒಳಗೆ ಕಾದ ಎಣ್ಣೆಗೆ ಗೋಳಿಬಜೆ ಬಿಡುತ್ತಿರುತ್ತಾಳೆ.

ಅವಳ ಸೋದರಮಾವ ಶೀನಪ್ಪನವರಿಗೆ ಈ ಯೋಜನೆ ಹಿಡಿಸಲಿಲ್ಲ. "ಬದುಕಿರುವವರ ಫೋಟೋವನ್ನು ಹೋದವರ ಪಕ್ಕ ತೂಗುಹಾಕುವ ಕ್ರಮ ನಮ್ಮಲ್ಲಿ ಇಲ್ಲ," ಎಂದರು. ಕುಶಲಾ, "ಹೋದ ಮೇಲೆ ಹಾಕಿದ್ರೆ ನಾನು ನೋಡುವುದು ಯಾವಾಗ?" ಎಂದು ಕೇಳಿದಳು.

ಅವಳ ಬೇಡಿಕೆ ಸರಳವಾಗಿತ್ತು: "ನಾನು ಗಲ್ಲಾದಲ್ಲಿ ಕೂತ್ಕೊಳ್ತೇನೆ. ನೇರ ನೋಡ್ತೇನೆ. ನೀವು ಒಂದು ಕ್ಲಿಕ್ ಮಾಡಿ."

"ಕೂತ ಫೋಟೋ ಆಧಾರ್ ಕಾರ್ಡಿಗೆ ಸಾಕು," ಎಂದು ನಾನು ಗಂಭೀರವಾಗಿ ಹೇಳಿದೆ. "ನಿನ್ನದು ದುಡಿಮೆಯ ಬದುಕು. ದುಡಿಮೆ ಅಂದ್ರೆ ಚಲನೆ. ನೀನು ಎಂದಿನ ಹಾಗೆ ಓಡಾಡ್ತಾ ಇರು. ಉಳಿದದ್ದು ನಾನು ನೋಡ್ಕೊಳ್ತೇನೆ."

"ಮುಖ ಕಾಣ್ತದಾ?"

"ಮುಖಕ್ಕಿಂತ ಹೆಚ್ಚಿನದು ಕಾಣ್ತದೆ."

ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಕಲಿತವರು ಹೇಳುತ್ತಿದ್ದಾರೆ, ಇರಬಹುದು, ಎಂಬ ಅರ್ಥದ ನೋಟ ಅದು.

ನವೆಂಬರ್ ೨೪, ಭಾನುವಾರ. ಬಿಸಿಲು. ಕುಶಲಾ ಫೋಟೋಕ್ಕೆಂದೇ ಕೊಂಡಿದ್ದ ನೀಲಿ ಸೀರೆ ಉಟ್ಟು, ಅಬ್ಬಲಿಗೆ ಹೂ ಮುಡಿದು ಬಂದಿದ್ದಳು. ನಾನು ಬಾಗಿಲ ಬಳಿ ಟ್ರೈಪಾಡ್ ನಿಲ್ಲಿಸಿ, ಮಸೂರದ ಮುಂದೆ ಕಪ್ಪು ಕನ್ನಡಕದಂಥ ಫಿಲ್ಟರನ್ನು ತಿರುಗಿಸಿ ಕೂರಿಸಿದೆ. ಹಗಲು ಹೊತ್ತಿನಲ್ಲೂ ಶಟರನ್ನು ಮೂವತ್ತು ಸೆಕೆಂಡು ತೆರೆದಿಡಬೇಕಾದರೆ ಅದು ಬೇಕು. ಮೂರನೆಯ ಮೇಜಿನಲ್ಲಿ ಅಲಿಯಬ್ಬ ಕುಳಿತಿದ್ದರು. ಬಂದರಿನ ಮಸಾಲೆ ವ್ಯಾಪಾರವನ್ನು ಮಕ್ಕಳಿಗೆ ಒಪ್ಪಿಸಿದ ಮೇಲೆ, ಒಂದು ಚಾ ಮತ್ತು ಒಂದು ಪತ್ರಿಕೆಯೊಂದಿಗೆ ಪ್ರತಿದಿನ ಎಂಟರಿಂದ ಒಂಬತ್ತೂವರೆಯವರೆಗೆ ಅವರು ಅಲ್ಲಿರುತ್ತಾರೆ.

"ಎಂತ ಮಾಷ್ಟ್ರೆ, ರಸ್ತೆ ಅಗಲ ಮಾಡ್ಲಿಕ್ಕೆ ಸರ್ವೆಯಾ?"

"ಅಲ್ಲ, ಫೋಟೋ. ನೀವು ಎಂದಿನ ಹಾಗೆ ಇರಿ."

"ಎಂದಿನ ಹಾಗೆ ಅಂದ್ರೆ ನಾನು ಅಲ್ಲಾಡುವುದಿಲ್ಲ," ಎಂದು ಅವರು ಪತ್ರಿಕೆ ಬಿಡಿಸಿದರು. ಕೊಟ್ಟ ಮಾತಿಗೆ ತಪ್ಪಲಿಲ್ಲ.

ಮೂವತ್ತು ಸೆಕೆಂಡುಗಳ ಹದಿನೆಂಟು ಫೋಟೋಗಳು, ಒಟ್ಟು ಒಂಬತ್ತು ನಿಮಿಷ. ಆ ಒಂಬತ್ತು ನಿಮಿಷಗಳಲ್ಲಿ ಕುಶಲಾ ಅಡುಗೆಮನೆಯ ಬಾಗಿಲನ್ನು ಮೂವತ್ತೊಂದು ಬಾರಿ ದಾಟಿದಳು. ಎಣಿಸಿ ಬರೆದುಕೊಂಡಿದ್ದೇನೆ. ಒಮ್ಮೆ ಮಾತ್ರ ಆ ಬಾಗಿಲಿನಲ್ಲಿ ನಿಂತು, ಸೆರಗು ಸರಿಪಡಿಸಿಕೊಂಡು, ಕ್ಯಾಮರಾದ ಕಡೆ ನೋಡಿದಳು. ಅಷ್ಟರಲ್ಲಿ ಒಳಗಿನಿಂದ ಅಡುಗೆ ಕೆಲಸದ ಸುಂದರಿ ಕರೆದಳು, ಇವಳು ಹೋದಳು.

ಬಸ್ಸುಗಳಂತೆ ಕುಶಲಾಳೂ ಒಂದು ಹೊಳೆಯುವ ಗೆರೆಯಾಗಿ ಉಳಿಯುತ್ತಾಳೆಂದು ನಾನು ಲೆಕ್ಕ ಹಾಕಿದ್ದೆ. ಬಸ್ಸಿಗೆ ದೀಪವಿರುತ್ತದೆ, ಕುಶಲಾಳಿಗೆ ಇರುವುದಿಲ್ಲ ಎಂಬುದು ಆ ಲೆಕ್ಕದಲ್ಲಿ ಸೇರಿರಲಿಲ್ಲ.

ಬಳಿಕ ಮೂರು ಸಂಜೆ ಎಡಿಟಿಂಗ್. ಹದಿನೆಂಟರಲ್ಲಿ ಅತ್ಯಂತ ನಿರ್ಮಲವಾಗಿ ಕಂಡದ್ದನ್ನು ಆರಿಸಿದೆ. ಕಂಪ್ಯೂಟರಿನಲ್ಲಿ ಚಿತ್ರವನ್ನು ಹಿಗ್ಗಿಸಿ, ಎಡಮೂಲೆಯಿಂದ ಹಿಡಿದು ಅಂಗೈಯಗಲದಷ್ಟು ಜಾಗವನ್ನು ಪರೀಕ್ಷಿಸುತ್ತಾ ಹೋದೆ. ಪುಸ್ತಕದ ಕಪಾಟು ಒರೆಸುವ ಕ್ರಮವೂ ಇದೇ. ಟ್ಯೂಬ್‌ಲೈಟಿನ ವಯರನ್ನು ತೆಗೆದೆ. ಗೋಡೆಯ ಎಣ್ಣೆ ಜಿಡ್ಡನ್ನು ತೆಗೆದೆ. ಕೊಡೆಯನ್ನೂ ತೆಗೆದೆ. ಬುಧವಾರದ ದಾಖಲೆ ಹೀಗಿದೆ: "ನೀಲಿ ಕಲೆ, ಅಡುಗೆಮನೆಯ ಬಾಗಿಲು. ಮಸೂರದ ಧೂಳಿರಬೇಕು. ತೆಗೆಯಲು ನಲವತ್ತು ನಿಮಿಷ. ಈಗ ಸ್ವಚ್ಛ."

ಕಬೀರ್ ಸರ್‌ಗೆ ಮೊಬೈಲಿನಲ್ಲಿ ಕಳುಹಿಸಿದೆ. "ಕ್ಲೀನ್ ಬಂದಿದೆ ಸರ್," ಎಂದು ಉತ್ತರಿಸಿದರು. ಅದು ಯಾರ ಫೋಟೋ ಎಂದು ನಾನು ಅವರಿಗೆ ಹೇಳಿರಲಿಲ್ಲ. ಕುಶಲಾಳಿಗೆ ತೋರಿಸಲೂ ಇಲ್ಲ. ಅನಾವರಣಕ್ಕೆ ಮುನ್ನ ನೋಡಬಾರದೆಂಬ ನಿಯಮವನ್ನು ನಾನೇ ಮಾಡಿದ್ದೆ.

ಡಿಸೆಂಬರ್ ೧, ಭಾನುವಾರ. ಮೋಡ. ಎರಡನೆಯ ಮೊಳೆಯಿಂದ ಕೊಡೆಯನ್ನು ಇಳಿಸಿ, ಮೂರಡಿ ಅಗಲದ ಚೌಕಟ್ಟನ್ನು ತೂಗುಹಾಕಿ, ಮೇಲೊಂದು ಬಿಳಿ ಪಂಚೆ ಹೊದಿಸಿದ್ದೆ. ಚಲನೆ, ದುಡಿಮೆ ಮತ್ತು ಕಾಲದ ಕುರಿತು ಆರು ನಿಮಿಷ ಮಾತನಾಡಿದೆ. ನಂತರ ಶೀನಪ್ಪ ಮಾವ ಪಂಚೆಯನ್ನು ಎಳೆದರು.

ಮೊದಲು ಮಾತನಾಡಿದವರೂ ಅವರೇ. "ನೆಲ ಒಳ್ಳೆ ಹೊಳಿತದೆ."

"ನಾನು ಚೆನ್ನಾಗಿ ಬಂದಿದ್ದೇನೆ," ಎಂದರು ಅಲಿಯಬ್ಬ. "ಪೇಪರಿನ ಹೆಡ್ಡಿಂಗ್ ಕೂಡ ಓದ್ಲಿಕ್ಕೆ ಆಗ್ತದೆ. ಆದ್ರೆ ಮಾಷ್ಟ್ರೆ, ಕುಶಲಕ್ಕ ಎಲ್ಲಿ?"

ಕುಶಲಾ ಅಂದೂ ಅದೇ ನೀಲಿ ಸೀರೆ ಉಟ್ಟಿದ್ದಳು. ಕೈ ಒರೆಸಿಕೊಂಡು ಬಂದಳು. ಕನ್ನಡಕ ಹಾಕಿಕೊಂಡು ಚಿತ್ರದ ಹತ್ತಿರ ನಿಂತಳು. ಒಂದೊಂದೇ ಮೇಜನ್ನು ನೋಡುತ್ತಾ ಹೋದಳು. ಎಂಟೂ ಮುಗಿದವು.

"ನಾನು ಎಲ್ಲಿದ್ದೇನೆ?"

ತೋರಿಸಲೆಂದು ಬೆರಳೆತ್ತಿದೆ. ಬೆರಳು ಗಲ್ಲಾಪೆಟ್ಟಿಗೆಗೆ ಹೋಯಿತು, ಅಲ್ಲಿರಲಿಲ್ಲ. ಐದನೆಯ ಮೇಜಿಗೆ ಹೋಯಿತು, ಅಲ್ಲಿ ಚಾದ ಗ್ಲಾಸುಗಳು ತಾವಾಗಿಯೇ ಬಂದು ಕುಳಿತಂತೆ ಕುಳಿತಿದ್ದವು. ಬೆರಳನ್ನು ಇಳಿಸುವುದು ಹೇಗೆಂದು ನನಗೆ ತಿಳಿಯಲಿಲ್ಲ. ಕುಶಲಾ ಕನ್ನಡಕ ತೆಗೆದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು.

ಅತಿಥಿಯಾಗಿ ಬಂದಿದ್ದ ಕಬೀರ್ ಸರ್ ಮೆಲ್ಲಗೆ ಕೇಳಿದರು: "ಸರ್, ಎಡಿಟ್ ಮಾಡುವ ಮೊದಲು ಎಲ್ಲಿಯಾದ್ರೂ ಮಸುಕು ಮಸುಕಾಗಿ ಏನಾದ್ರೂ ಇತ್ತಾ?"

ಯಾವ ಪ್ರಶ್ನೆ ಬಂದರೂ ದಿನಚರಿ ತೆರೆಯುವುದು ನನ್ನ ಅಭ್ಯಾಸ. ಚೀಲದಿಂದ ತೆಗೆದು, ಬುಧವಾರದ ಪುಟವನ್ನು ಹುಡುಕಿ, ಎಲ್ಲರಿಗೂ ಕೇಳುವಂತೆ ಓದಿದೆ. "ನೀಲಿ ಕಲೆ, ಅಡುಗೆಮನೆಯ ಬಾಗಿಲು. ಮಸೂರದ ಧೂಳಿರಬೇಕು. ತೆಗೆಯಲು ನಲವತ್ತು ನಿಮಿಷ." ಇಲ್ಲಿಗೆ ಬಂದಾಗ ತಲೆ ಎತ್ತಿದೆ. ನನ್ನ ಮುಂದೆ, ಅಡುಗೆಮನೆಯ ಬಾಗಿಲಿನಲ್ಲಿ, ನೀಲಿ ಸೀರೆ ನಿಂತಿತ್ತು. "ಈಗ ಸ್ವಚ್ಛ" ಎಂಬ ಎರಡು ಪದಗಳನ್ನು ಓದಲಿಲ್ಲ.

"ನಾಲ್ಕೈದು ಸೆಕೆಂಡ್ ನಿಂತಿರಬೇಕು ಮೇಡಂ," ಎಂದರು ಕಬೀರ್ ಸರ್. "ಅದಕ್ಕೇ ಅಷ್ಟಾದ್ರೂ ಬಂದಿತ್ತು."

ಶೀನಪ್ಪ ಮಾವ ಪಂಚೆಯನ್ನು ಮಡಚುತ್ತಾ ಹೇಳಿದರು: "ಬದುಕಿರುವವರ ಫೋಟೋ ಗೋಡೆಗೆ ಹಾಕ್ಬಾರ್ದು ಅಂತ ನಾನೇ ಹೇಳಿದ್ದು. ಆದ್ರೆ ಇವ ನನ್ನ ಮಾತನ್ನು ಇಷ್ಟು ಪಾಲಿಸ್ತಾನೆ ಅಂತ ಗೊತ್ತಿರಲಿಲ್ಲ ಮಾರಾಯ."

ಎಲ್ಲರೂ ನಕ್ಕರು. ಕುಶಲಾ ಕೂಡ ನಕ್ಕಳು. "ಮದುವೆಯಾಗಿ ಇಪ್ಪತ್ತಮೂರು ವರ್ಷ ಆಯ್ತು. ಈ ಹೋಟೆಲಿನಲ್ಲಿ ಇವರು ಒರೆಸಿದ್ದು ಅದೊಂದೇ," ಎಂದಳು. ಬಳಿಕ ಚೌಕಟ್ಟನ್ನು ಇಳಿಸಿ ಗೋಡೆಗೆ ಮುಖ ಮಾಡಿ ಇಟ್ಟು, ಕೊಡೆಯನ್ನು ಮೊಳೆಗೆ ಮರಳಿ ಸಿಕ್ಕಿಸಿದಳು. "ಆರನೇ ಮೇಜಿಗೆ ಬನ್ಸ್ ಹೇಳಿದ್ದಾರೆ," ಎಂದು ಒಳಗೆ ಹೋದಳು.

ಮನೆಯಲ್ಲಿ ಅವಳು ಒಂದೇ ಒಂದು ಮಾತು ಕೇಳಿದಳು. "ಕ್ಯಾಮರಾಕ್ಕೆ ನಾನು ಕಾಣಲಿಲ್ಲ, ಸರಿ. ಅದು ಯಂತ್ರ. ನೀವು ಮೂರು ದಿನ ಅದನ್ನೇ ನೋಡ್ತಾ ಇದ್ರಲ್ಲ. ನಾನು ಇಲ್ಲ ಅಂತ ನಿಮಗೆ ಎಂತಕ್ಕೆ ಗೊತ್ತಾಗ್ಲಿಲ್ಲ?"

ಉತ್ತರ ನನಗೆ ಗೊತ್ತಿತ್ತು. ಅವಳು ಅಲ್ಲಿದ್ದಾಳೆಂದೇ ನಂಬಿಕೊಂಡು ನೋಡಿದ್ದೆ. ಅವಳು ಯಾವಾಗಲೂ ಅಲ್ಲಿರುತ್ತಾಳೆ; ಹಾಗಾಗಿ ಇದ್ದಾಳೋ ಇಲ್ಲವೋ ಎಂದು ನೋಡುವ ಅಭ್ಯಾಸ ತಪ್ಪಿಹೋಗಿತ್ತು. ಇದನ್ನು ಹೇಳುವ ಧೈರ್ಯ ಬರಲಿಲ್ಲ. ಅಂದಿನ ಪುಟದಲ್ಲಿ ಹವಾಮಾನ ಮಾತ್ರ ಇದೆ.

ಮೂಲ ಫೈಲನ್ನು ನಾನು ಅಳಿಸಿರಲಿಲ್ಲ. ಮರುದಿನ ಅದನ್ನು ತೆರೆದು ನೀಲಿ ಕಲೆಯನ್ನು ಹಿಗ್ಗಿಸಿ ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು.

"ಇದಕ್ಕೆ ಮುಖ ಉಂಟಾ?"

"ಇಲ್ಲ."

"ಹಾಗಾದ್ರೆ ಬೇಡ."

"ಸರಿ. ನೀನು ಮೊದಲು ಹೇಳಿದ ಹಾಗೆಯೇ ಆಗ್ಲಿ. ಗಲ್ಲಾದಲ್ಲಿ ಕೂತ್ಕೋ. ಒಂದು ಕ್ಲಿಕ್."

"ನಾನು ಕೂತ್ರೆ ಚಾ ಕೊಡುವುದು ಯಾರು?"

ಇದು ಇಪ್ಪತ್ತೈದು ವರ್ಷಗಳಲ್ಲಿ ಆ ಹೋಟೆಲಿನಲ್ಲಿ ಯಾರೂ ಕೇಳಿರದ ಪ್ರಶ್ನೆ. ಕೇಳಿದವಳು ನನ್ನನ್ನೇ ನೋಡುತ್ತಿದ್ದುದರಿಂದ ಉತ್ತರಕ್ಕೆ ಹೆಚ್ಚು ಆಯ್ಕೆಗಳಿರಲಿಲ್ಲ.

ಡಿಸೆಂಬರ್ ೮, ಭಾನುವಾರ. ಬಿಸಿಲು, ಸ್ವಲ್ಪ ಗಾಳಿ. ಕ್ಯಾಮರಾವನ್ನು ಅಪೇಕ್ಷಾಳ ಕೈಗೆ ಕೊಟ್ಟು, ನಾನು ಬಿಳಿ ಅಂಗಿಯ ತೋಳು ಮಡಚಿ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡೆ. ಕುಶಲಾ ನೀಲಿ ಸೀರೆಯಲ್ಲಿ, ಅಬ್ಬಲಿಗೆ ಮುಡಿದು, ತಂದೆಯ ಫೋಟೋದ ಕೆಳಗೆ, ಕುಳಿತಳು. ಕುಳಿತುಕೊಳ್ಳುವುದು ಅವಳಿಗೆ ಅಷ್ಟು ಕಷ್ಟದ ಕೆಲಸವೆಂದು ನಾನು ತಿಳಿದಿರಲಿಲ್ಲ.

"ಒಳಗೆ ಬೆಳಕು ಕಮ್ಮಿ ಉಂಟು, ಶಟರ್ ಸ್ವಲ್ಪ ನಿಧಾನ ಇಡ್ತೇನೆ," ಎಂದಳು ಅಪೇಕ್ಷಾ. "ಆಂಟಿ, ಒಂದು ಸೆಕೆಂಡ್ ಅಲ್ಲಾಡ್ಬೇಡಿ."

"ಮೂರನೇ ಮೇಜಿಗೆ ನೀರು ಇಡ್ಲಿಲ್ಲ ಅವರು."

"ಆಂಟಿ, ಮಾತಾಡ್ಬೇಡಿ."

"ಮಾತಾಡದಿದ್ರೆ ಅವರಿಗೆ ಹೇಗೆ ಗೊತ್ತಾಗ್ತದೆ?"

ಅಷ್ಟರಲ್ಲಿ ನನ್ನ ಕೈಯಿಂದ ಎರಡು ಗ್ಲಾಸುಗಳು ಜಾರಿದವು. ಅಲಿಯಬ್ಬ ಪತ್ರಿಕೆಯ ಮೇಲಿನಿಂದ ನೋಡಿ, "ಮಾಷ್ಟ್ರೆ, ನಾನು ಕೇಳಿದ್ದು ಒಂದೇ ಚಾ," ಎಂದರು. ಕುಶಲಾ ಏಳಲಿಲ್ಲ. ಗಾಜು ಒಡೆದ ಸದ್ದಿಗೆ ಎದ್ದು ಬಾರದೆ ಕುಳಿತೇ ಇದ್ದಳು, ಮೆಲ್ಲಗೆ ನಗುತ್ತಿದ್ದಳು. ಅಪೇಕ್ಷಾ ಕ್ಲಿಕ್ ಮಾಡಿದ್ದು ಆಗ.

ಫೋಟೋದಲ್ಲಿ ಕುಶಲಾಳ ಮುಖ ಸ್ಪಷ್ಟವಾಗಿದೆ. ಅಬ್ಬಲಿಗೆಯ ಒಂದೊಂದು ಹೂವನ್ನೂ ಎಣಿಸಬಹುದು. ಒಂದು ಅಂಚಿನಲ್ಲಿ, ಕೈತೊಳೆಯುವ ಬೇಸಿನ್ನಿನ ಪಕ್ಕದಲ್ಲಿ, ಏನೋ ಒಂದು ಬೆಳ್ಳಗೆ ಅಲೆದಾಡಿದಂತಿದೆ. ಅದಕ್ಕೆ ತಲೆಯಿಲ್ಲ, ಕಾಲೂ ಇಲ್ಲ.

"ಅಂಕಲ್, ನೀವು ಕರಗಿದ್ದೀರಿ," ಎಂದಳು ಅಪೇಕ್ಷಾ. "ಎಡಿಟ್ ಮಾಡಿ ತೆಗೀಲಾ? ಎರಡು ನಿಮಿಷದ ಕೆಲಸ."

ನಾನು ಬಾಯಿ ತೆರೆಯುವ ಮೊದಲೇ ಕುಶಲಾ ಹೇಳಿದಳು: "ಬೇಡ ಮಗಾ. ಹಾಗೇ ಇರ್ಲಿ. ಇವರು ಒಂದು ದಿನ ಇಲ್ಲಿ ಕೆಲಸ ಮಾಡಿದ್ರು ಅಂತ ನಾಳೆ ನಾನು ಹೇಳಿದ್ರೆ ಯಾರೂ ನಂಬುವುದಿಲ್ಲ. ಸಾಕ್ಷಿ ಬೇಕು."

ಫೋಟೋ ಈಗ ಎರಡನೆಯ ಮೊಳೆಯಲ್ಲಿದೆ. ಕೊಡೆ ಬಾಗಿಲ ಹಿಂದಕ್ಕೆ ಹೋಗಿದೆ. ಭಾನುವಾರಗಳಂದು ಎಂಟರಿಂದ ಒಂಬತ್ತೂವರೆಯವರೆಗೆ ನಾನು ಮೇಜು ಒರೆಸುತ್ತೇನೆ.

ಖರ್ಚಿನ ವಿವರ: ಕಪ್ಪು ಫಿಲ್ಟರ್, ೨,೪೦೦ ರೂಪಾಯಿ. ಮೊದಲ ಫೋಟೋದ ಮುದ್ರಣ ಮತ್ತು ಚೌಕಟ್ಟು, ೩,೧೫೦. ಎರಡನೆಯ ಫೋಟೋದ ಮುದ್ರಣ, ೬೫೦, ಚೌಕಟ್ಟು ಹಳೆಯದೇ. ಗ್ಲಾಸು ಎರಡು, ೭೦. ಬಿಳಿ ಕಲೆ, ಬೇಸಿನ್ನಿನ ಪಕ್ಕ: ತೆಗೆದಿಲ್ಲ.