ಖಾಲಿ ಪಾತ್ರೆ ಕೊಡದ ಯಂತ್ರ

ಆ ಶನಿವಾರ ಬೆಳಿಗ್ಗೆ ಪರಶಿವಯ್ಯ ಮೇಷ್ಟ್ರು ತಮ್ಮ ಜಗಲಿಯ ಮೇಲೆ ಒಂದು ಹಳೇ ಟೀವಿ ಪೆಟ್ಟಿಗೆಗೆ ಹೂವಿನ ಹಾರ ಹಾಕಿ ನಿಂತಿದ್ದರು. ಅವರು ಹಾರ ಹಾಕಿದ ದಿನ ನಮ್ಮ ಬೀದಿಯಲ್ಲಿ ಯಾರದಾದರೂ ಫ್ಯೂಸು ಹೋಗುವುದು ವಾಡಿಕೆ. ಪಾಲಿಟೆಕ್ನಿಕ್ಕಿನಿಂದ ನಿವೃತ್ತರಾದ ಮೇಲೆ ಅವರು ಮಾಡಿದ ಒಂಬತ್ತನೇ ಯಂತ್ರ ಇದು. ಎಂಟನೆಯದು ತೆಂಗಿನಕಾಯಿ ಸುಲಿಯಲು ಹೋಗಿ ತೆಂಗಿನಮರವನ್ನೇ ಸುಲಿದಿತ್ತು.

"ಇದರ ಹೆಸರು ಸರ್ವಜೋಡಕ," ಎಂದರು ಮೇಷ್ಟ್ರು. "ಪ್ರೋಗ್ರಾಂ ಅಂದ್ರೆ ಹುಳಿ ಮಾಡೋ ಕ್ರಮ ಇದ್ದ ಹಾಗೆ, ವಿಮಲಮ್ಮ. ಕ್ರಮ ಒಂದೇ. ಆದ್ರೆ ಸೌದೆ ಒಲೆ ಬೇರೆ, ಗ್ಯಾಸ್ ಬೇರೆ, ಕರೆಂಟ್ ಒಲೆ ಬೇರೆ. ಒಂದೊಂದು ಒಲೆಗೂ ಬೇರೆ ಬೇರೆ ಬರೀತಾ ಕೂತ್ಕೊಂಡ್ರೆ ಆಯುಸ್ಸು ಮುಗಿಯುತ್ತೆ. ನಾನು ಒಂದೇ ಸಲ ಬರೀತೀನಿ. ಎದುರಿಗಿರೋದು ಯಾವ ಮಿಷನ್ನು ಅಂತ ಇದೇ ನೋಡ್ಕೊಂಡು, ನಾನು ಬರೆದಿಟ್ಟ ಭಾಗಗಳಲ್ಲಿ ಬೇಕಾದ್ದನ್ನ ಹುಡುಕಿ ಜೋಡಿಸಿ, ಅದಕ್ಕೆ ತಕ್ಕ ಪ್ರೋಗ್ರಾಂ ಕಟ್ಟಿಕೊಡುತ್ತೆ."

"ಯಾವ ಮಿಷನ್ನಿಗಾದ್ರೂ ಆಗುತ್ತಾ?"

"ಮೋಟಾರಿರೋ ಯಾವುದಕ್ಕಾದ್ರೂ."

"ಸದ್ಯ, ನನಗೆ ಮೋಟಾರಿಲ್ಲ," ಎಂದರು ಒಳಗಿನಿಂದ ಅವರ ಹೆಂಡತಿ ಚೆನ್ನಾಂಬಕ್ಕ.

ಮೇಷ್ಟ್ರು ಮನೆಯ ಮಿಕ್ಸಿಗೆ ಒಂದು ವೈರು ಸಿಕ್ಕಿಸಿದರು. ಯಂತ್ರ ಬಸ್ ಟಿಕೆಟ್ಟಿನಷ್ಟು ಅಗಲದ ಚೀಟಿಯನ್ನು ಉಗುಳುತ್ತ, ಮೇಷ್ಟ್ರದೇ ಪಾಠದ ದನಿಯಲ್ಲಿ ಹಾಜರಿ ಕರೆಯಿತು. "ಬ್ಲೇಡು? ಇದೆ. ಮೋಟಾರು? ಇದೆ. ತಿರುಗಿಸುವ ಭಾಗ? ಇದೆ." ಮಿಕ್ಸಿ ತಾನಾಗಿ ಶುರುವಾಗಿ, ಚಟ್ನಿ ಹದಕ್ಕೆ ಬಂದ ಕೂಡಲೇ ತಾನಾಗಿ ನಿಂತಿತು. ಫ್ಯೂಸು ಹೋಗಲಿಲ್ಲ. ನನಗೆ ಆಸೆ ಹುಟ್ಟಿದ್ದೇ ಅಲ್ಲಿ.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ತಿಪಟೂರಿನ ಹಳೇ ಟಾಕೀಸ್ ರಸ್ತೆಯಲ್ಲಿ ಏಳು ವರ್ಷದಿಂದ ಮನೆಮನೆಗೆ ದೋಸೆ ಹಿಟ್ಟು ಹೊತ್ತು ಮಾರುವವಳು ನಾನು. ಭಾನುವಾರ ಬೆಳಿಗ್ಗೆ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ನನ್ನ ಹಿಟ್ಟಿನ ಪರೀಕ್ಷೆ ಇತ್ತು. ವಾರ್ಡನ್ ಕಾತ್ಯಾಯಿನಿ ಮೇಡಂ ಒಪ್ಪಿದರೆ ವರ್ಷಪೂರ್ತಿ ಅಲ್ಲಿಗೇ ಹಿಟ್ಟು. ಕಾಲು ಸವೆಸುವುದು ತಪ್ಪುತ್ತಿತ್ತು. ಆದರೆ ಶುಕ್ರವಾರವಷ್ಟೇ ನನ್ನ ದೊಡ್ಡ ಗ್ರೈಂಡರಿನ ಬೋರ್ಡು ಸುಟ್ಟುಹೋಗಿತ್ತು. ಮೇಷ್ಟ್ರು ಹೊಸ ಬೋರ್ಡು ಕೂರಿಸಿದ್ದರು, ಅದಕ್ಕೆ ಪ್ರೋಗ್ರಾಂ ಇರಲಿಲ್ಲ. ಅಕ್ಕಿ, ಉದ್ದು ಆಗಲೇ ನೆನೆಯುತ್ತಿದ್ದವು. ಸಂಜೆ ಐದರೊಳಗೆ ರುಬ್ಬಿದರೆ ಮಾತ್ರ ಬೆಳಿಗ್ಗೆಗೆ ಹಿಟ್ಟು ಹುದುಗುತ್ತಿತ್ತು.

ಮಧ್ಯಾಹ್ನ ಸರ್ವಜೋಡಕ ನಮ್ಮ ಮನೆಗೆ ಬಂತು.

"ಕಲ್ಲು? ಇದೆ. ಮೋಟಾರು? ಇದೆ. ತಿರುಗಿಸುವ ಭಾಗ?" ಯಂತ್ರ ಸ್ವಲ್ಪ ಹೊತ್ತು ಕೆಮ್ಮಿತು. "ಇಲ್ಲ."

"ನಮ್ಮನೇಲಿ ನಡೀತಲ್ಲ," ಎಂದರು ಮೇಷ್ಟ್ರು.

"ನಾನು ರುಬ್ಬಬೇಕಾಗಿರೋದು ನಮ್ಮನೇಲಿ, ಮೇಷ್ಟ್ರೇ."

ಮತ್ತೆ ನಾಲ್ಕು ಸಲ ನಡೆಸಿದರು. ನಾಲ್ಕು ಸಲವೂ ಚೀಟಿಯ ಕೊನೆಯ ಸಾಲು ಓದಿ ತಲೆ ಕೆರೆದುಕೊಂಡರು. ಜೊತೆಗೆ ಬಂದಿದ್ದ ಚೆನ್ನಾಂಬಕ್ಕನಿಗೆ ಬೇಸರವಾಯಿತು.

"ಇಲ್ಲ ಅಂದ್ರೆ ಇಲ್ಲ ಕಣ್ರೀ. ಮನೇಲಿ ಹೆಪ್ಪು ಇಲ್ಲದಿದ್ರೆ ನಾವೇನು ಅಳ್ತಾ ಕೂರ್ತೀವಾ? ಪಕ್ಕದ ಮನೇಲಿ ಇಸ್ಕೊಂಡು ಬರ್ತೀವಿ."

ಮೇಷ್ಟ್ರ ಕಣ್ಣು ಹೊಳೆಯಿತು. ಬೀದಿಯ ಮಿಷನ್ನುಗಳನ್ನೆಲ್ಲ ರಿಪೇರಿ ಮಾಡುವವರು ಅವರೇ. ಪ್ರತಿಯೊಂದರೊಳಗೂ ತಮ್ಮದೊಂದು ವೈರ್‌ಲೆಸ್ ಬಿಲ್ಲೆ ಅಂಟಿಸಿಟ್ಟಿದ್ದರು. ಕೂತು ಟಕಟಕ ಬರೆದರು: ಮನೆಯಲ್ಲಿಲ್ಲದ್ದನ್ನು ನೆರೆಮನೆಯಿಂದ ಇಸ್ಕೊ.

"ವಾಪಸ್ ಕೊಡೋದನ್ನೂ ಬರೀರಿ," ಎಂದರು ಚೆನ್ನಾಂಬಕ್ಕ. "ಇನ್ನೊಬ್ಬರ ಮನೆ ಪಾತ್ರೆ ಖಾಲಿ ಕೊಡಬಾರದು. ಏನಾದ್ರೂ ಹಾಕಿ ಕೊಡಬೇಕು."

ಅವರು ಅದನ್ನೂ ಬರೆದರು. ಹೆಂಡತಿಯ ಮಾತು ಕೇಳದವರು ಅಂತ ನಾನು ಅವರನ್ನು ಎಷ್ಟೋ ಸಲ ಬೈದಿದ್ದೇನೆ. ಕೇಳಬಾರದ ದಿನ ಕೇಳಿಬಿಟ್ಟರು.

"ನೆರೆಮನೆಯಲ್ಲಿ ವಿಚಾರಿಸುತ್ತಿದ್ದೇನೆ," ಎಂದಿತು ಯಂತ್ರ. ಎರಡೇ ನಿಮಿಷ. ಗ್ರೈಂಡರ್ ಗುರ್ ಎಂದು ತಿರುಗಿತು! ನಾನು ಜಾಣೆ, ನಡೆಯುತ್ತದೋ ನೋಡೋಣವೆಂದು ಒಂದೇ ಸೇರು ಅಕ್ಕಿ ಹಾಕಿದ್ದೆ. ಅದು ಬಲಕ್ಕೆ ತಿರುಗಿತು, ನಿಂತಿತು, ಎಡಕ್ಕೆ ತಿರುಗಿತು, ಯೋಚಿಸಿತು.

"ಈ ನಡಿಗೆ ನಾನೆಲ್ಲೋ ನೋಡಿದೀನಿ," ಎಂದರು ಚೆನ್ನಾಂಬಕ್ಕ. "ಅಯ್ಯೋ, ಇದು ನಮ್ಮ ವಾಷಿಂಗ್ ಮಿಷನ್ನು ಕಣೇ ವಿಮಲಾ!"

ಹೇಳಿ ಮುಗಿಸುವಷ್ಟರಲ್ಲಿ ಗ್ರೈಂಡರ್ ಬಟ್ಟೆ ಹಿಂಡುವ ಹಂತಕ್ಕೆ ಬಂದಿತ್ತು. ಅರ್ಧ ಸೇರು ಸೂರಿಗೆ ಹೋಯಿತು, ಉಳಿದದ್ದು ಮೇಷ್ಟ್ರ ಕನ್ನಡಕಕ್ಕೆ. ಆಮೇಲೆ ಅದು ಸಣ್ಣಗೆ ಅತ್ತಿತ್ತ ಅಲುಗಾಡುತ್ತ ಗೋಡೆಯ ಮೇಲೆ ಹಿಟ್ಟನ್ನು ಚಿಮ್ಮತೊಡಗಿತು. ನೋಡಿದರೆ ಸಾಲಾಗಿ ಐದೈದು ಎಸಳಿನ ಹೂಗಳು, ಒಂದಕ್ಕಿಂತ ಒಂದು ಚೆಂದ.

ಅಷ್ಟರಲ್ಲಿ ಎದುರುಮನೆಯ ಟೈಲರ್ ಜಬೀನ್ ಓಡಿ ಬಂದಳು. "ಅಕ್ಕ, ನನ್ನ ಕಸೂತಿ ಮಿಷನ್ನಿಗೆ ಏನೋ ಆಗೈತೆ. ಹೂವಿನ ಡಿಸೈನ್ ಹಾಕು ಅಂದ್ರೆ ಬ್ಲೌಸ್ ಪೀಸನ್ನ ಗರಗರ ರುಬ್ತಾ ಐತೆ. ಪರದೆ ಮೇಲೆ 'ನೀರು ಸಾಲದು' ಅಂತ ಬರ್ತೈತೆ."

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಖುಷಿಯಿಂದ ಹೇಳಿದರು, "ನೋಡಿದ್ರಾ? ಖಾಲಿ ಕೊಟ್ಟಿಲ್ಲ."

ಕೊಟ್ಟಿರಲಿಲ್ಲ ನಿಜ. ಹೂವಿನ ಭಾಗ ವಾಪಸ್ ಕೊಡುವಾಗ ಒಂದಿಷ್ಟು ರುಬ್ಬುವುದನ್ನು ಹಾಕಿ ಕೊಟ್ಟಿತ್ತು. ಚೆನ್ನಾಂಬಕ್ಕನ ವಾಷಿಂಗ್ ಮಿಷನ್ನು ಸೀರೆಗಳ ನಡುವೆ ಉದ್ದಿನಬೇಳೆ ಕೇಳುತ್ತಿತ್ತು. ಬೀದಿ ಕೊನೆಯ ಗಣೇಶನ ಗುಡಿಯಲ್ಲಿ, ಕರೆಂಟಿನಿಂದ ನಗಾರಿ ಬಾರಿಸುವ ಮಿಷನ್ನು ಮಧ್ಯಾಹ್ನದ ಮಂಗಳಾರತಿ ಮುಗಿದರೂ ನಿಲ್ಲಲಿಲ್ಲ. ಹಿಟ್ಟು ನುಣ್ಣಗಾಗುವವರೆಗೆ ನಿಲ್ಲಬಾರದೆಂದು ಅದಕ್ಕೆ ಹೇಳಿಕೊಟ್ಟಾಗಿತ್ತು. ನಗಾರಿ ನಡೆಯುವಾಗ ಆರತಿ ಇಳಿಸುವ ಪದ್ಧತಿ ಅಲ್ಲಿಲ್ಲ. ಅರ್ಚಕ ನಂಜುಂಡಶಾಸ್ತ್ರಿಗಳು ತಟ್ಟೆಯನ್ನು ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ ಬದಲಾಯಿಸುತ್ತ ಮೇಷ್ಟ್ರಿಗೆ ಹೇಳಿ ಕಳಿಸಿದರು.

ಇಷ್ಟೇ ಆಗಿದ್ದರೆ ತಡೆಯಬಹುದಿತ್ತು. ಆ ಮಿಷನ್ನುಗಳಿಗೂ ಮೇಷ್ಟ್ರ ನಿಯಮವೇ ಅಂಟಿಕೊಂಡಿತ್ತು. ಬಂದದ್ದಕ್ಕೆ ಅವೂ ಏನಾದರೂ ಸೇರಿಸಿ ಹಿಂದಕ್ಕೆ ಕಳಿಸುತ್ತಿದ್ದವು, ನಮ್ಮದು ಮತ್ತೆ ಸೇರಿಸಿ ಕಳಿಸುತ್ತಿತ್ತು. ಚೆನ್ನಾಂಬಕ್ಕನ ಮನೆಗೂ ನಮ್ಮ ಮನೆಗೂ ಒಂದು ಸ್ಟೀಲ್ ಡಬ್ಬಿ ಹನ್ನೊಂದು ವರ್ಷದಿಂದ ಹೀಗೇ ಓಡಾಡುತ್ತಿದೆ. ಚಕ್ಕುಲಿ ಹೋದರೆ ಕೋಡುಬಳೆ ಬರುತ್ತದೆ. ಅದು ಯಾರ ಡಬ್ಬಿ ಅಂತ ಇಬ್ಬರಿಗೂ ಮರೆತುಹೋಗಿದೆ.

ಗಡಿಯಾರ ನಾಲ್ಕು ತೋರಿಸಿತು. ನೆನೆದ ಅಕ್ಕಿಯ ಮುಂದೆ ಕೂತು ನಾನು ಅತ್ತೇಬಿಟ್ಟೆ. ಹಾಸ್ಟೆಲ್ಲು ಕೈತಪ್ಪಿತು ಅಂತಲೇ ಅಂದುಕೊಂಡೆ. ಮೇಷ್ಟ್ರ ಮುಖ ಸಣ್ಣದಾಯಿತು. "ತಪ್ಪಾಯ್ತು ತಾಯಿ," ಎಂದರು. ಒಂಬತ್ತು ಯಂತ್ರಗಳಲ್ಲಿ ಆ ಮಾತು ಬಂದದ್ದು ಅದೇ ಮೊದಲು.

ಕಣ್ಣೊರೆಸಿಕೊಳ್ಳಲು ಕೈಗೆ ಸಿಕ್ಕಿದ್ದು ಆ ಚೀಟಿ. ಎಂಟು ಮಾರು ಉದ್ದವಿತ್ತು. ಅದರ ತುದಿ ಹಿಡಿದು ಮೊದಲ ಸಾಲು ಓದಿದೆ: 'ಅಡುಗೆಮನೆ ಬಲಗಡೆ ಮೂರನೇ ಗೂಡಿನಲ್ಲಿ ನೋಡಿದೆ. ಗೂಡೇ ಇಲ್ಲ.'

"ಮೇಷ್ಟ್ರೇ, ನಮ್ಮನೇಲಿ ಗೂಡೆಲ್ಲಿದೆ? ಇರೋದು ಸ್ಟೀಲ್ ಸ್ಟ್ಯಾಂಡು."

"ಇವರು ಪ್ರೋಗ್ರಾಂ ತುಂಬಿಟ್ಟಿರೋ ಕಂಪ್ಯೂಟರ್ ಚಿಪ್‌ಗಳ ಡಬ್ಬಿ ಇರೋದು ನಮ್ಮನೆ ಮೂರನೇ ಗೂಡಲ್ಲಿ," ಎಂದರು ಚೆನ್ನಾಂಬಕ್ಕ. "ತಿರುಗ್ಸೋ ಭಾಗ ಅದರೊಳಗೇ ಇರಬೇಕು."

ಮೇಷ್ಟ್ರು ಹಣೆ ಚಚ್ಚಿಕೊಂಡರು. ಲೋಕದ ಮನೆಗಳಲ್ಲೆಲ್ಲ ಬಲಗಡೆ ಮೂರನೇ ಗೂಡು ಇರುತ್ತದೆಂದು ನಂಬಿ ಯಂತ್ರ ಮಾಡಿದ್ದರು. ಓಡಿಹೋಗಿ ಡಬ್ಬಿ ತಂದರು. ಹಳೇ ಸಾಲು ಹೊಡೆದುಹಾಕಿ, 'ಎಲ್ಲಿದೆ ಎಂದು ಮನೆಯವರನ್ನು ಕೇಳು' ಎಂದು ಬರೆದರು.

"ಸರಿ, ಆದ್ರೆ ಈ ಕೊಡು ಕೊಳ್ಳೋದು ನಿಲ್ಲಬೇಕಲ್ಲ," ಎಂದರು. "ಖಾಲಿ ಕೊಡು ಅಂತ ಬರೆಯೋಕೆ ನನಗೆ ಮನಸ್ಸು ಬರಲ್ಲ."

"ಹೆಪ್ಪು ಅಂತ ಹೇಳ್ಕೊಂಡು ತಾನೇ ನೀವು ಶುರು ಮಾಡಿದ್ದು?" ಎಂದೆ. "ಹೆಪ್ಪು ಇಸ್ಕೊಂಡೋರು ಯಾರಾದ್ರೂ ವಾಪಸ್ ಕೊಟ್ಟಿದ್ದಾರಾ? ಒಂದು ಚಮಚ ತಗೊಂಡು ನಮ್ಮ ಹಾಲಿಗೆ ಹಾಕ್ಕೊಂಡ್ರೆ ಅದು ನಮ್ಮ ಮೊಸರು. ಅವರದ್ದು ಅವರ ಹತ್ರಾನೇ ಇರುತ್ತೆ."

ಚೆನ್ನಾಂಬಕ್ಕ ಗಂಡನ ಕಡೆ ತಿರುಗಿ, "ಬರ್ಕೊಳ್ಳಿ," ಎಂದರು.

ವಾಪಸ್ ಕೊಡುವ ಸಾಲು ಹೋಯಿತು. ಪಾತ್ರೆ ತೊಳೆದ ಹಾಗೆ, ಕಟ್ಟಿದ್ದನ್ನೆಲ್ಲ ನೆರೆಮನೆಯ ಮಿಷನ್ನುಗಳಿಂದಲೂ ಅಳಿಸಿ, ಯಂತ್ರ ಮೊದಲಿನಿಂದ ಶುರು ಮಾಡಿತು. "ತಿರುಗಿಸುವ ಭಾಗ ಎಲ್ಲಿಟ್ಟಿದ್ದೀರಿ?"

"ನಿನ್ನ ಕಣ್ಮುಂದೇ ಇದೆ," ಎಂದೆ.

"ಮದುವೆಯಾದಾಗಿಂದ ನಾನೂ ಇವರಿಗೆ ಇದನ್ನೇ ಹೇಳ್ತಿದೀನಿ," ಎಂದರು ಚೆನ್ನಾಂಬಕ್ಕ.

ನಾಲ್ಕೂವರೆಗೆ ಗ್ರೈಂಡರ್ ಗ್ರೈಂಡರಿನ ಹಾಗೆ ತಿರುಗಿತು. ಜಬೀನಳ ಮಿಷನ್ನು ಹೂವಿಗೆ ಮರಳಿತು, ಶಾಸ್ತ್ರಿಗಳು ತಟ್ಟೆ ಇಳಿಸಿ ಕೂತರು. ಭಾನುವಾರ ಪಾತ್ರೆಯ ಮುಚ್ಚಳ ತೆಗೆದರೆ ಹಿಟ್ಟು ಉಬ್ಬಿ ಅಂಚಿಗೆ ಬಂದಿತ್ತು. ಕಾತ್ಯಾಯಿನಿ ಮೇಡಂ ಮೂರು ದೋಸೆ ತಿಂದು, ಬೆರಳು ನೆಕ್ಕಿಕೊಂಡು, "ನಾಳೆಯಿಂದ ಕಳಿಸಿ ವಿಮಲಾಕ್ಷಮ್ಮ," ಎಂದರು. ದಾರಿಯುದ್ದಕ್ಕೂ ಒಬ್ಬಳೇ ನಗುತ್ತಾ ಮನೆಗೆ ಬಂದೆ.

ಒಂದು ಚಮಚ ಹೆಪ್ಪು ಮಾತ್ರ ಎಲ್ಲೋ ಉಳಿದುಬಿಟ್ಟಿದೆ. ನಮ್ಮ ಗ್ರೈಂಡರಿನಲ್ಲಿ ಹಿಟ್ಟು ನುಣ್ಣಗಾದ ಕೂಡಲೇ ಗುಡಿಯ ನಗಾರಿ ತಾನಾಗಿ ಬಾರಿಸುತ್ತದೆ. ಮೇಷ್ಟ್ರು ಸರಿಮಾಡುತ್ತೇನೆಂದರು, ಬೀದಿಯವರು ಬಿಡಲಿಲ್ಲ. ನಗಾರಿ ಕೇಳಿದರೆ ಜನ ಪಾತ್ರೆ ಹಿಡಿದು ನನ್ನ ಬಾಗಿಲಿಗೆ ಬರುತ್ತಾರೆ. ಶಾಸ್ತ್ರಿಗಳು ಸಂಜೆಯ ಆರತಿಯನ್ನು ನನ್ನ ಹಿಟ್ಟಿನ ಹೊತ್ತಿಗೇ ಇಟ್ಟುಕೊಂಡಿದ್ದಾರೆ.

ಸರ್ವಜೋಡಕ ಇನ್ನೂ ನನ್ನ ಅಡುಗೆಮನೆಯಲ್ಲೇ ಇದೆ. ಮೊನ್ನೆ ಚೆನ್ನಾಂಬಕ್ಕನ ಮನೆಯಿಂದ ಆ ಸ್ಟೀಲ್ ಡಬ್ಬಿಯೂ ನಿಪ್ಪಟ್ಟು ತುಂಬಿಕೊಂಡು ಬಂತು. ಖಾಲಿ ಕೊಡುವ ಹಾಗಿಲ್ಲವಲ್ಲ. ಯಂತ್ರವನ್ನೇ ಹಾಕಿ ಕೊಡೋಣವೆಂದು ಅಳತೆ ಮಾಡಿ ನೋಡಿದೆ, ಅದರಲ್ಲಿ ಹಿಡಿಸುವುದಿಲ್ಲ.