ದ್ವಾರಪಾಲಕನಿಗೆ ಆಯೇರಿ

ನಾಟಕದಲ್ಲಿ ಯಾವ ಪಾತ್ರ ಸಣ್ಣದು, ಯಾವುದು ದೊಡ್ಡದು ಎಂದು ತಿಳಿದವರು ಯಾರಾದರೂ ಇದ್ದರೆ ದಯವಿಟ್ಟು ನನಗೂ ಹೇಳಿಕೊಡಬೇಕು. ಮಾತು ಹೆಚ್ಚಿದ್ದರೆ ದೊಡ್ಡದು ಎನ್ನುವಂತಿಲ್ಲ; ಹಾಗಿದ್ದರೆ ನಮ್ಮ ಓಣಿಯಲ್ಲಿ ಬಹಳ ಮಂದಿ ಚಕ್ರವರ್ತಿಗಳಾಗುತ್ತಿದ್ದರು. ಕಿರೀಟವಿದ್ದರೆ ದೊಡ್ಡದು ಎಂದು ನಾನೂ ನಂಬಿದ್ದೆ. ಎಪ್ಪತ್ತರ ದಶಕದಲ್ಲಿ, ಸಿಂದಗಿಯಲ್ಲಿ ಮಾಸ್ತರಕಿ ಮಾಡುತ್ತಿದ್ದಾಗ, ಒಂದು ಸಂಜೆ ಆ ನಂಬಿಕೆ ಹೋಯಿತು. ಅದರ ಜಾಗಕ್ಕೆ ಇನ್ನೊಂದು ಇವತ್ತಿಗೂ ಬಂದಿಲ್ಲ.

ಸಂಸ್ಕೃತ ಕಲಿಸುತ್ತಿದ್ದ ಕುಲಕರ್ಣಿ ಮಾಸ್ತರರು ಹಳೆಯ ಸಂಸ್ಕೃತ ನಾಟಕವೊಂದನ್ನು ಕನ್ನಡಕ್ಕೆ ತಂದು, ನಮ್ಮಂಥ ಮಾಸ್ತರ ಮಂದಿಯಿಂದಲೇ ಆಡಿಸಲು ಹೊರಟಿದ್ದರು. ರಾಣಿಯನ್ನು ಅಗಲಿ ಐದು ಅಂಕವೂ ಅಳುವ ರಾಜನ ಪಾತ್ರ ಡ್ರಾಯಿಂಗ್ ಮಾಸ್ತರರಿಗೆ ಹೋಯಿತು. ನನಗೆ ಬಾಗಿಲು ಸಿಕ್ಕಿತು. ಈಟಿ ಹಿಡಿದು ನಿಲ್ಲುವುದು, ಯಾರಾದರೂ ಬಂದರೆ “ಮಹಾಪ್ರಭು, ಮಂತ್ರಿಗಳು ಬಂದಿದ್ದಾರೆ” ಎನ್ನುವುದು. ಮಂತ್ರಿ ಹೋಗಿ ಋಷಿ ಬಂದರೆ ಹೆಸರು ಬದಲು, ಮಾತು ಅದೇ. ನನ್ನ ಮುಖ ಸಪ್ಪಗಾದದ್ದನ್ನು ಕಂಡು ಕುಲಕರ್ಣಿಯವರು, “ಬ್ಯಾಸರಾ ಮಾಡ್ಕೋಬ್ಯಾಡ್ರಿ ಮಾಸ್ತರ. ಈ ನಾಟಕದಾಗ ನೀವು ಹೇಳದ ಹೊರತು ಒಂದು ಗುಬ್ಬಿ ಸೈತ ಒಳಗ ಬರೂಹಂಗಿಲ್ಲ. ಅದು ಶಾಸ್ತ್ರ!” ಎಂದರು.

ಶಾಸ್ತ್ರ ನನಗೆ ಒಪ್ಪಿಗೆಯಾಯಿತು, ಮನೆಯಲ್ಲಿ ಆಗಲಿಲ್ಲ. ಹೆಂಡತಿ ಶಾಂತಾ ತನ್ನ ತಂದೆಗೆ, “ನಮ್ಮವರದು ನಾಟಕದಾಗ ದೊಡ್ಡ ಪಾರ್ಟು ಐತಿ, ಬರ್ರಿ” ಎಂದು ಆಗಲೇ ಹೇಳಿಕಳಿಸಿದ್ದಳು. ಮಾವನವರು ಆಲಮೇಲದಲ್ಲಿ ಕಬ್ಬು ಬೆಳೆಯುವ ಗೌಡರು. ಹೊಲವಿಲ್ಲದ ಮಾಸ್ತರನಿಗೆ ಮಗಳನ್ನು ಕೊಟ್ಟೆವಲ್ಲ ಎಂಬ ಕೊರಗು ಅವರಿಗೆ ಇನ್ನೂ ಇತ್ತು. ಈ ನಾಟಕದಿಂದಲಾದರೂ ಅದು ಹೋಗಲಿ ಎಂದು ಶಾಂತಾಳ ಆಸೆ.

“ದೊಡ್ಡ ಪಾರ್ಟು ಅಂತ ಯಾಕ ಹೇಳಿದಿ?” ಎಂದೆ.

“ಮತ್ತ, ಬಾಗಲಾ ಕಾಯ್ತಾರ ಅಂತ ಹೇಳ್ಲೇನ್ರಿ? ಮದಲ ನಮ್ಮಪ್ಪ...”

ಆಕೆ ಮಾತು ಮುಗಿಸಲಿಲ್ಲ. ಮುಗಿಸುವ ಅಗತ್ಯವೂ ಇರಲಿಲ್ಲ.

ನಮ್ಮ ಕಡೆ ನಾಟಕವೆಂದರೆ ಆಯೇರಿ ಇರಲೇಬೇಕು. ಪಾತ್ರಧಾರಿ ಯುದ್ಧ ಮಾಡುತ್ತಿರಲಿ, ಸಾಯುತ್ತಿರಲಿ, ಅವನ ಬೀಗರು ನಡುವೆಯೇ ರಂಗ ಹತ್ತಿ ಶಾಲು ಹೊದಿಸಿ ರುಮಾಲು ಸುತ್ತುತ್ತಾರೆ. ಮುದ್ದೇಬಿಹಾಳದಲ್ಲಿ ಒಬ್ಬ ಸತ್ತವನು ಎದ್ದು ಕೂತು, ರುಮಾಲು ಸುತ್ತಿಸಿಕೊಂಡು, ಎಲ್ಲರಿಗೂ ಕೈ ಮುಗಿದು ಮತ್ತೆ ಸತ್ತದ್ದನ್ನು ನಾನೇ ಕಂಡಿದ್ದೇನೆ. ಕುಲಕರ್ಣಿಯವರು ಮಾತ್ರ, “ಇದು ಸಂಸ್ಕೃತ ನಾಟಕ. ಆಯೇರಿ ಗೀಯೇರಿ ನಡಿಯೂದಿಲ್ಲ” ಎಂದು ನಮಗೆಲ್ಲ ತಾಕೀತು ಮಾಡಿದ್ದರು. ಮಾವನವರಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಮೂರನೆಯ ಅಂಕ. ರಾಜ ಕಂಬಕ್ಕೆ ಒರಗಿ ಅಳುತ್ತಿದ್ದ. ಮುಂದಿನ ಸಾಲಿನಿಂದ ಮಾವನವರು ಎದ್ದರು. ಹೆಗಲ ಮೇಲೆ ಶಾಲು, ಕೈಯಲ್ಲಿ ಗುಲಾಬಿ ರುಮಾಲು. ನೆಟ್ಟಗೆ ರಂಗದ ಮೆಟ್ಟಿಲು ಹತ್ತತೊಡಗಿದರು. ಪರದೆಯ ಸಂದಿನಿಂದ ಕುಲಕರ್ಣಿಯವರು ಕೈ ಬೀಸುತ್ತಿದ್ದರು. ತಡೆಯಿರಿ ಎಂದೋ ಬಿಡಿರಿ ಎಂದೋ ತಿಳಿಯಲಿಲ್ಲ. ತಡೆದರೆ ಮಾವನವರ ಮಾನ ಹೋಗುತ್ತದೆ, ಬಿಟ್ಟರೆ ಶಾಸ್ತ್ರ ಹೋಗುತ್ತದೆ. ಒಂದೇ ಮಾತು ರೂಢಿಯಾಗಿದ್ದ ನನ್ನ ಬಾಯಿ ನನ್ನನ್ನು ಕೇಳದೆಯೇ ಕೂಗಿಬಿಟ್ಟಿತು: “ಮಹಾಪ್ರಭು, ಆಲಮೇಲದ ಗೌಡರು ಬಂದಿದ್ದಾರೆ!”

ರಾಜನಿಗೆ ಅಳು ನಿಂತಿತು. ಆದರೆ ನನ್ನ ಕೂಗಿಗೆ ಡ್ರಾಯಿಂಗ್ ಮಾಸ್ತರರ ಬಾಯಿಗೂ ರೂಢಿಯಾದದ್ದು ಒಂದೇ: “ಆದರದಿಂದ ಒಳಗೆ ಕರೆದು ತಾ.”

ಕರೆತಂದೆ. ಮಾವನವರು ರಾಜನಿಗೆ ನಮಸ್ಕಾರ ಹಾಕಿದರು. ಆಮೇಲೆ ನನ್ನ ತಲೆಯ ಮೇಲಿನ ತಗಡಿನ ಟೊಪ್ಪಿಗೆ ತೆಗೆದು, “ಇಷ್ಟು ಹಿಡಕೋರಿ” ಎಂದು ರಾಜನ ಕೈಗೇ ಕೊಟ್ಟು, ನನಗೆ ಶಾಲು ಹೊದಿಸಿ ರುಮಾಲು ಸುತ್ತಿದರು. ರಾಜ ಹಿಡಿದುಕೊಂಡು ನಿಂತ. ಆ ನಾಟಕದಲ್ಲಿ ಚಪ್ಪಾಳೆ ಬಿದ್ದದ್ದು ಅದೊಂದೇ ಸಲ.

ನಾಟಕ ಮುಗಿದ ಮೇಲೆ, ಬೈಸಿಕೊಳ್ಳಲು ಸಿದ್ಧನಾಗಿ ಮಾವನವರ ಎದುರು ನಿಂತೆ. ಶಾಂತಾ ಸೆರಗಿನ ತುದಿ ತಿರುವುತ್ತಿದ್ದಳು. ಅವರು ನನ್ನ ಬೆನ್ನು ತಟ್ಟಿದರು.

“ಅಳಿಯಂದ್ರ, ನಿಮ್ಮ ಕಿಮ್ಮತ್ತು ನನಗ ಇವತ್ತ ತಿಳೀತು ನೋಡ್ರಿ! ಕಚೇರಿಗಿ ಹೋದ್ರ ಸಾಹೇಬ ಒಳಗ ಇರ್ತಾನ ಖರೆ, ಆದ್ರ ಬಾಗಲಾಗ ನಿಂತಾವ ಹೂಂ ಅನ್ನೂತನಕಾ ಬೇವಿನ ಗಿಡದ ಕೆಳಗ ಕುಂತು ಕುಂತು ನನ್ನ ಸ್ವಂಟ ಹಿಡದೈತಿ. ಇಲ್ಲಿ ಮಂತ್ರಿ, ಋಷಿ, ಎಲ್ಲಾರೂ ನಿಮ್ಮನ್ನ ಕೇಳೇ ಒಳಗ ಹೋದ್ರು. ಆ ರಾಜಾ, ಪಾಪ! ಅಳೂದೊಂದು ಬಿಟ್ರ ಏನ್ ಕೆಲಸ ಐತಿ ಅವಗ?”

ಮರುವರ್ಷ ಡ್ರಾಯಿಂಗ್ ಮಾಸ್ತರರಿಗೆ ಇಂಡಿಗೆ ವರ್ಗವಾಯಿತು. ಕುಲಕರ್ಣಿಯವರು ಕಿರೀಟ ಹಿಡಿದುಕೊಂಡು ಮನೆಗೇ ಬಂದರು. ನಾನು ಕೈ ಚಾಚಿಯೂ ಆಗಿತ್ತು. ಅಷ್ಟರಲ್ಲಿ ಶಾಂತಾ ಅಡುಗೆಮನೆಗೆ ಕರೆದಳು.

“ಬ್ಯಾಡ್ರೀ! ನೀವು ರಾಜಾ ಆದ್ರಿ ಅಂದ್ರ, ಅಳಿಯನ್ನ ಕೆಳಗ ಇಳಿಸ್ಯಾರ ಅಂತ ಅಪ್ಪ ಊಟಾ ಬಿಡ್ತಾನ.”

ಹೊರಗೆ ಬಂದು, “ನನಗ ಬಾಗಲಾನ ಇರ್ಲಿ ಬಿಡ್ರಿ” ಎಂದೆ. ಕುಲಕರ್ಣಿಯವರ ಕಣ್ಣು ಒದ್ದೆಯಾಯಿತು. ನನ್ನ ವಿನಯವನ್ನು ಸಿಂದಗಿಯ ತುಂಬ ಹೊಗಳುತ್ತ ತಿರುಗಿದರು. ಅದು ವಿನಯವೋ, ಹೆಂಡತಿಯ ಭಯವೋ, ಮೇಲಿನ ಹುದ್ದೆಯ ಆಸೆಯೋ ನನಗಂತೂ ತಿಳಿಯದು. ಆ ವರ್ಷದ ನಾಟಕದಲ್ಲಿ ಮಂತ್ರಿಗಳು ಬಂದಾಗ, ಯಾವ ಕಾರಣವೂ ಇಲ್ಲದೆ, ಅವರನ್ನು ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಲ್ಲಿಸಿದೆ.