ಇಬ್ಬರು ಹಿಡಿಸುವ ದೋಣಿ

ನಮ್ಮ ಸೋದರಮಾವನಿಗೆ ನೆಲದ ಮೇಲೆ ಬದುಕಲು ಬರುವುದಿಲ್ಲ. ನಂಬಿಕೆ ಬರದಿದ್ದರೆ ಹಗರಿಬೊಮ್ಮನಹಳ್ಳಿಯಲ್ಲಿ ಯಾರನ್ನಾದರೂ ಕೇಳಿ! ಹರೆಯವನ್ನೆಲ್ಲ ಮುಂಬಯಿಯ ಸಮುದ್ರದಲ್ಲಿ ಹಾಯಿದೋಣಿಯ ಪಂದ್ಯಗಳಿಗೆ ಕೊಟ್ಟವರು. ಮೊಣಕಾಲು ಮುಷ್ಕರ ಹೂಡಿದ ಮೇಲೆ ಶ್ರೀಮಂತರಿಗೆ ವಿಹಾರದೋಣಿಗಳ ನಕ್ಷೆ ಬರೆದುಕೊಟ್ಟವರು. ಈಗ ಊರಿಗೆ ಮರಳಿದ್ದಾರೆ. ಮರಳಿದ್ದು ದೇಹ ಮಾತ್ರ.

ಕೂಡ್ಲಿಗಿ ಬಸ್ಸು ತಿರುವಿನಲ್ಲಿ ಕೊಂಚ ವಾಲಿತೋ, ಮಾವ ಎದ್ದು ಎದುರು ಬದಿಗೆ ಹೋಗಿ, ಕಂಬಿ ಹಿಡಿದು ಬೆನ್ನು ಹಿಂದಕ್ಕೆ ಚಾಚುತ್ತಾರೆ. ದೋಣಿ ಮಗುಚದಂತೆ ಹಾಗೆ ಮಾಡಬೇಕಂತೆ.

"ಯಜಮಾನ್ರ, ಕುಂದರ್ರಿ. ಬಸ್ ಬೀಳಂಗಿಲ್ಲ," ಎಂದ ಕಂಡಕ್ಟರ್.

"ನಾ ಈ ಕಡಿ ಬಂದದ್ದಕ್ಕ ಬಿದ್ದಿಲ್ಲಪಾ."

ಗಾಳಿಯ ದಿಕ್ಕು ತಿಳಿಯಲು ಎದುರುಮನೆ ಮಾಳಿಗೆಯಲ್ಲಿ ಒಣಹಾಕಿದ ಸೀರೆಗಳನ್ನೇ ದಿಟ್ಟಿಸುತ್ತಾರೆ. ಆ ಮನೆಯಾಕೆ ಒಮ್ಮೆ ಅತ್ತೆಯ ಬಳಿ ಬಂದು, "ಅಕ್ಕಾರ, ನಿಮ್ಮ ಯಜಮಾನ್ರು..." ಎಂದು ಮೆತ್ತಗೆ ಶುರುಮಾಡಿದರು.

"ಸೀರಿ ನೋಡ್ತಾರವ್ವ, ಉಟ್ಟಾಕಿನ್ನ ನೋಡಂಗಿಲ್ಲ," ಎಂದರು ಅತ್ತೆ. "ನಾ ಹೊಸಾದು ಉಟ್ಟರೂ ಅವರಿಗೆ ಗೊತ್ತಾಗಂಗಿಲ್ಲ."

ಇಂಥವರನ್ನು ಕಟ್ಟಿಕೊಂಡ ಅತ್ತೆಗೆ ನೀರೆಂದರೆ ಪ್ರಾಣಭಯ. ಮುಂಬಯಿಯಲ್ಲಿ ಪ್ರತಿ ಪಂದ್ಯಕ್ಕೂ ಟಿಫಿನ್ ಡಬ್ಬಿ ಹಿಡಿದು ದಡಕ್ಕೆ ಹೋಗುತ್ತಿದ್ದರು, ಸಮುದ್ರಕ್ಕೆ ಬೆನ್ನು ಮಾಡಿ ಕೂರುತ್ತಿದ್ದರು. ಮಾವನ ಒಂದು ದೋಣಿಗೂ ಕಾಲಿಟ್ಟವರಲ್ಲ. ಅವರನ್ನು ಒಮ್ಮೆಯಾದರೂ ಕೂರಿಸಿಕೊಂಡು ಹೋಗಬೇಕೆಂಬುದು ಮಾವನ ಆಸೆ. ಎಪ್ಪತ್ತು ದಾಟಿದ ಮೇಲೆ ಆಸೆ ಹಟವಾಯಿತು. ಟ್ರ್ಯಾಕ್ಟರ್ ಟ್ರೇಲರ್ ಮಾಡುವವರ ಶೆಡ್ಡಿನ ಮೂಲೆಯಲ್ಲಿ ದೋಣಿ ಕಟ್ಟತೊಡಗಿದರು. ಹಾಯಿಯ ಅಂಚು ಹೊಲಿದದ್ದು ನಾನು. ಕಾನ್ವೆಂಟಿನ ಸಿಸ್ಟರ್ ಕಲಿಸಿದ ಹೊಲಿಗೆ ಕೊನೆಗೂ ಕರವಸ್ತ್ರವನ್ನು ದಾಟಿತು.

ನೋಡಲು ಬಂದ ರೈತರೊಬ್ಬರು, "ಇದಕ್ಕ ಜ್ವಾಳ ಎಷ್ಟು ಚೀಲ ಹಿಡಸ್ತಾವ್ರಿ?" ಎಂದು ಕೇಳಿದರು.

"ಚೀಲ ಅಲ್ಲಪಾ, ಮಂದಿ. ಇಬ್ಬರು," ಎಂದರು ಮಾವ.

"ಎರಡನೇದವರು ಯಾರಂತ ಕೇಳ್ರಿ," ಅತ್ತೆ ಚಹಾದ ಲೋಟ ಇಳಿಸುತ್ತ ಹೇಳಿದರು. "ನಾನಂತೂ ಹತ್ತಂಗಿಲ್ಲ."

ಬೇಸಿಗೆಗೆ ದೋಣಿ ಸಿದ್ಧವಾಯಿತು. ಟ್ರೇಲರಿನಲ್ಲಿ ಹೇರಿಕೊಂಡು ತುಂಗಭದ್ರೆಯ ಹಿನ್ನೀರಿನ ಕಡೆ ಹೊರಟೆವು. ಎಂದಿನಂತೆ ದಡದಲ್ಲಿ ಕೂರಲು ಅತ್ತೆಯೂ ಬುತ್ತಿ ಕಟ್ಟಿಕೊಂಡು ಬಂದರು. ಹೋಗಿ ನೋಡಿದರೆ ದಡವಿತ್ತು, ನೀರಿರಲಿಲ್ಲ! ದೀಪಾವಳಿಯ ಹೊತ್ತಿಗೆ ಮಾವ ನೀರು ಕಂಡು ಬಂದಿದ್ದ ಜಾಗದಲ್ಲಿ ಯಾರೋ ಸೌತೆಬಳ್ಳಿ ಹಬ್ಬಿಸಿದ್ದರು. ನೀರು ಬಹು ದೂರದಲ್ಲಿ ಒಂದು ಬಿಳಿ ಗೆರೆ.

"ಸಮುದ್ರದಾಗ ಇಳಿದ ನೀರು ಸಂಜೀಕ ಬರ್ತೈತಿ," ಎಂದರು ಮಾವ, ತಮಗೆ ತಾವೇ ಎಂಬಂತೆ.

"ಇಲ್ಲೂ ಬರ್ತೈತ್ರಿ," ಡ್ರೈವರ್ ಸಮಾಧಾನ ಹೇಳಿದ. "ಮಳಿಗಾಲಕ್ಕ."

ಅವನಿಗೆ ಬೇರೆ ಬಾಡಿಗೆಯಿತ್ತು. ದೋಣಿಯನ್ನು ಒಣನೆಲದಲ್ಲಿ ಇಳಿಸಿ, ಸಂಜೆ ಬರುತ್ತೇನೆಂದು ಹೋದ. ಮಾವ ಅದರ ಪಕ್ಕದಲ್ಲೇ ಕುಸಿದು ಕೂತರು.

"ಮಳಿಗಾಲಕ್ಕ ಈ ಕಾಲು ಏನಂತಾವೋ," ಎಂದರು.

ಅತ್ತೆ ಸುತ್ತ ಒಮ್ಮೆ ನೋಡಿದರು. ಚಪ್ಪಲಿ ಬಿಟ್ಟು, ನೆರಿಗೆ ಎತ್ತಿ ಹಿಡಿದು, ದೋಣಿ ಹತ್ತಿ ಕೂತರು.

"ಹಾಯಿ ಏರಸ್ರಿ."

"ನೀರಿಲ್ಲಲ್ಲ, ಎಲ್ಲಿಗೆ ಹೋಗೋದು?"

"ಇಲ್ಲ ಅಂತನ ಹತ್ತೀನಿ. ಏರಸ್ರಿ."

ಮಾವ ಹತ್ತಿ ಏರಿಸಿದರು. ಹಾಯಿ ಗಾಳಿ ತುಂಬಿಕೊಂಡು ಉಬ್ಬಿತು. ದೋಣಿ ಅಲುಗಲಿಲ್ಲ. ಮಾವ ಅತ್ತೆಯ ಎದುರು ಕೂತರು. ಬಹಳ ಹೊತ್ತು ಹಾಗೇ ಕೂತಿದ್ದರು.

ಅವರು ಬುತ್ತಿ ಬಿಚ್ಚಲು ಇಳಿದಾಗ ನಾನು ಹತ್ತಿ ಅತ್ತೆಯ ಜಾಗದಲ್ಲಿ ಕೂತೆ. ಮಾವನ ಜಾಗಕ್ಕಿಂತ ಅದು ತಗ್ಗಾಗಿತ್ತು. ಎರಡೂ ಬದಿಯ ಹಲಗೆಯನ್ನು ಅಲ್ಲಿ ಮಾತ್ರ ಎತ್ತರಿಸಿದ್ದರು. ಅಲ್ಲಿ ಕೂತವರಿಗೆ, ಸುತ್ತ ಎಷ್ಟೇ ನೀರಿದ್ದರೂ ಕಾಣುವುದಿಲ್ಲ. ಎದುರಿಗೆ ಕೂತವರ ಮುಖವಷ್ಟೇ ಕಾಣುತ್ತದೆ.